ನೀಲಿ ಮುಚ್ಚಳದ ಟ್ಯೂಬು

ನಮ್ಮ ಪ್ರಯೋಗಾಲಯದಲ್ಲಿ ನಾನು ಗಾಜು ತೊಳೆಯುವವಳು, ರಕ್ತ ತೆಗೆಯುವವಳು ಅಕ್ಕ. ವರಸೆಯಲ್ಲಿ ಏನೂ ಅಲ್ಲ, ಬಾಯಿಮಾತಿಗೆ ಅಕ್ಕ. ಗಂಡಸರ ರಕ್ತದ ಪ್ರೋಟೀನಿಗೂ ಹೆಂಗಸರದಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡುವ ಅಧ್ಯಯನ ಶುರುವಾದಾಗ ಗಂಡಸರೇ ಸಿಗಲಿಲ್ಲ. ಸೂಜಿ ಎಂದರೆ ಆ ಶೂರರಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ. ಅಕ್ಕ ತನ್ನ ಗಂಡನನ್ನೇ ಎಳೆದು ತಂದಳು.

ಟೈಲರ್ ಭಾವ ದಿನವಿಡೀ ಸೂಜಿ ಹಿಡಿಯುವವರು. ಈ ಸೂಜಿ ಕಂಡದ್ದೇ ಕುರ್ಚಿಯಲ್ಲಿ ಕುಸಿದರು. ಅಕ್ಕ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಗುತ್ತಲೇ ಅವರದನ್ನೂ ತನ್ನದನ್ನೂ ಟ್ಯೂಬಿಗೆ ತುಂಬಿದಳು. ಗಂಡಸರಿಗೆ ನೀಲಿ ಮುಚ್ಚಳ, ಹೆಂಗಸರಿಗೆ ಕೆಂಪು. ಎರಡೂ ಫ್ರೀಜರಿನಲ್ಲಿ ಅಕ್ಕಪಕ್ಕ ಕೂತವು.

ಮರುವರ್ಷ ಭಾವ ತೀರಿಕೊಂಡರು. ಆಮೇಲೆ ಐದು ವರ್ಷ, ದಿನಾ ಬೆಳಿಗ್ಗೆ ಫ್ರೀಜರಿನ ತಾಪಮಾನ ಬರೆದುಕೊಳ್ಳಲು ಹೋದ ಅಕ್ಕ ಬೇಗ ಬಾಗಿಲು ಹಾಕುತ್ತಿರಲಿಲ್ಲ. ದಪ್ಪ ಕೈಗವಸಿನಲ್ಲೇ ನೀಲಿ ಮುಚ್ಚಳ ಸವರಿ, "ನಲ್ಲಿ ರಿಪೇರಿ ಮಾಡಿಸ್ದೆ ಕಣ್ರೀ" ಎನ್ನುವಳು. ಬಾಗಿಲು ತೆರೆದಿದೆ ಎಂದು ಫ್ರೀಜರ್ ಪೀಂಗುಟ್ಟುತ್ತಿತ್ತು.

"ಹಾಕಕ್ಕ ಬಾಗಿಲು, ಎಲ್ಲಾ ಕರಗಿ ನೀರಾಗತ್ತೆ," ಎಂದು ನಾನು ಬೈಯುತ್ತಿದ್ದೆ. ನನ್ನ ನಾಲಿಗೆಗೆ ಎಲುಬಿಲ್ಲ.

ಕೊನೆಗೆ ಆ ಟ್ಯೂಬುಗಳ ಸರದಿ ಬಂತು. ಎರಡು ಸಲ ಪರೀಕ್ಷಿಸಿದರೆ ಟ್ಯೂಬಿನ ತಳ ಕಾಣುತ್ತದೆ. ಯಾರ ಮುಂದೆಯೂ ಕೈಚಾಚದ ಅಕ್ಕ, ಅಧ್ಯಯನ ನಡೆಸುವ ಮೇಡಂ ಮುಂದೆ ನಿಂತಳು.

"ನೀಲಿದನ್ನ ಒಂದೇ ಸಲ ಮಾಡಿ ಮೇಡಂ, ಅರ್ಧ ಉಳೀಲಿ. ಅವರ ಮೈಯದು ಅಂತ ಇರೋದು ಅದೊಂದೇ. ನನ್ನದು ಪೂರ್ತಿ ತಗೊಳ್ಳಿ."

ಮೇಡಂ ಒಪ್ಪಿದರು.

ಎರಡು ವಾರ ಕಳೆದು ಅಕ್ಕನನ್ನು ಕರೆದರು. ನಾನು ತೊಟ್ಟಿಯ ಬಳಿಯೇ ಇದ್ದೆ.

"ಕಬ್ಬಿಣ ಕೂಡಿಡೋ ಪ್ರೋಟೀನು ಸಾಮಾನ್ಯವಾಗಿ ಗಂಡಸರಲ್ಲೇ ಜಾಸ್ತಿ. ಇಲ್ಲಿ ಕೆಂಪು ಟ್ಯೂಬಲ್ಲಿ ಜಾಸ್ತಿ ಇದೆ. ಅದೊಂದೇ ಆಗಿದ್ರೆ ಬಿಡಬಹುದಿತ್ತು. ಬೇರೆ ಹತ್ತಾರು ಪ್ರೋಟೀನೂ ಅದನ್ನೇ ಹೇಳ್ತಿವೆ." ಮೇಡಂ ತಲೆ ತಗ್ಗಿಸಿದರು. "ಅವತ್ತು ಮುಚ್ಚಳ ಅದಲುಬದಲಾಗಿದೆ."

"ಹಾಗಾದ್ರೆ ಕೆಂಪು ಟ್ಯೂಬು?" ಎಂದಳು ಅಕ್ಕ.

"ಖಾಲಿಯಾಯ್ತು."

ಐದು ವರ್ಷ ಅಕ್ಕ ಮಾತಾಡಿಸಿದ್ದು ತನ್ನದೇ ರಕ್ತವನ್ನು. ಭಾವ ಪಕ್ಕದಲ್ಲೇ ಇದ್ದರು. ಆ ಹಾಳು ನಗುವಿನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು, ಅಕ್ಕ ಹಾಗೆ ನಕ್ಕದ್ದನ್ನು ಆಮೇಲೆ ನಾನು ನೋಡಿಯೇ ಇಲ್ಲ ಎಂಬುದೂ ನೆನಪಾಯಿತು.

"ನೀಲಿದು ಅರ್ಧ ಉಳಿದಿದೆ. ಏನು ಮಾಡ್ಲಿ?" ಎಂದರು ಮೇಡಂ.

"ಅಲ್ಲೇ ಇರಲಿ ಮೇಡಂ. ಇಷ್ಟು ವರ್ಷ ಅವರ ಹೆಸರಲ್ಲಿ ಇದ್ದದ್ದು ಅದೇ ಅಲ್ವಾ."

ಮರುದಿನ ಬೆಳಿಗ್ಗೆ ಫ್ರೀಜರ್ ಮತ್ತೆ ಪೀಂಗುಟ್ಟಿತು. ನಾನು ಬೈಯಲಿಲ್ಲ.