ಕುಂಕುಮ ಹಚ್ಚಿದ ಮೆಷಿನ್

ಬೈಕುಲ್ಲಾದ ಆ ಗ್ಯಾರೇಜಿನ ಗೋಡೆಗೆ ಒರಗಿ ಒಂದು ಮೆಷಿನ್ ನಿಂತಿತ್ತು. ಕಾರಿನ ಎ.ಸಿ. ಬಿಚ್ಚುವ ಮೊದಲು ಒಳಗಿನ ಗ್ಯಾಸನ್ನು ಹೊರಗೆ ಬಿಡದೆ ಎಳೆದು ಸಿಲಿಂಡರಿಗೆ ತುಂಬುವ ಮೆಷಿನ್. ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಹೊದಿಕೆಗೆ ದಸರಾದ ಕುಂಕುಮ, ಒಣಗಿದ ಚೆಂಡುಹೂವಿನ ಮಾಲೆ. ಪೈಪಿಗೆ ಸುತ್ತಿದ್ದ ರಬ್ಬರ್ ಬ್ಯಾಂಡನ್ನು ಕೂಡ ಯಾರೂ ಬಿಚ್ಚಿರಲಿಲ್ಲ.

ನನ್ನ ಕಾರಿನ ಕಂಪ್ರೆಸರ್ ಬದಲಾಯಿಸಬೇಕಿತ್ತು. ವಿಜಯಪುರದ ಕಡೆಯ ಮೆಕ್ಯಾನಿಕ್ ಬಾನೆಟ್ ಎತ್ತಿ, ವಾಲ್ವಿನ ಮುಚ್ಚಳ ತೆಗೆದು, ಸ್ಕ್ರೂಡ್ರೈವರಿನಿಂದ ಒಳಗಿನ ಪಿನ್ ಒತ್ತಿದ. ಬುಸ್ಸೆಂದು ಬಿಳಿ ಹೊಗೆ ಎದ್ದಿತು. ಮರುಕ್ಷಣವೇ ಅವನು ಕೈ ಕೊಡವಿದ. ತಣ್ಣಗೆ ಕೊರೆಯುವ ಗ್ಯಾಸ್ ತಗುಲಿ ತೋರುಬೆರಳಿನ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

"ಏನೂ ಆಗಂಗಿಲ್ರೀ ಮೇಡಂ, ಸ್ವಲ್ಪ ಜುಮ್ ಅಂತೈತಿ," ಎಂದು ಬೆರಳನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

"ಕಣ್ಣಿಗೆ ಹಾರಿದ್ದರೆ?"

"ಮುಚ್ಚಕೊಂಡಿರ್ತೀನ್ರೀ."

ಕೈಗವಸಿಲ್ಲ, ಕನ್ನಡಕವಿಲ್ಲ, ಮೂರು ಹೆಜ್ಜೆ ಆಚೆಗೆ ಮೆಷಿನ್! ನನಗೆ ಮೈ ಉರಿಯಿತು. ಹಾಗಾದರೆ ಅದು ಯಾಕಿದೆ ಎಂದು ಉಡುಪಿ ಕಡೆಯ ಮಾಲೀಕರನ್ನು ಕೇಳಿದೆ.

"ಮೆಷಿನ್ ಲಾಯ್ಕುಂಟು ಮೇಡಂ, ಟೈಮ್ ತಿಂತದೆ ಅಷ್ಟೆ. ಕಸ್ಟಮರ್ ನಿಲ್ಲುದಿಲ್ಲ."

"ಆ ಗ್ಯಾಸೆಲ್ಲ ಎಲ್ಲಿಗೆ ಹೋಯಿತು ಈಗ?"

"ಬೈಕುಲ್ಲಾದ ಗಾಳಿಗೆ ಅದೊಂದು ಭಾರವಾ?" ಎಂದು ನಕ್ಕರು.

ಸಂಜೆ ಸಯನ್‌ನ ಮನೆಯಲ್ಲಿ, ಅದೇ ಉರಿಯಲ್ಲಿ, ಡೈರಿ ಬರೆದೆ: ಮೆಷಿನ್ ಬಳಸಿ ಎಂದು ಮೊದಲೇ ಹೇಳಿದ್ದೆ, ಕೇಳಲಿಲ್ಲ. ಗ್ಯಾರೇಜಿಗೆ ಜೊತೆಗೆ ಬಂದಿದ್ದ ತಂಗಿಗೆ ಅದನ್ನು ಓದಿ ಹೇಳಿದೆ.

"ಏನಕ್ಕಾ, ಸುಳ್ಳು ಬರೀತೀಯಾ? ಮೆಷಿನ್ ಹಚ್ಚಲಾ, ಒಂದು ತಾಸು ಆಗ್ತದೆ ಅಂತ ಅವನೇ ಕೇಳಿದ. ನೀನು ವಾಚ್ ನೋಡಿ, ಬೇಡ, ಜಲ್ದಿ ಮುಗಿಸಿ ಅಂದಿ."

ನನಗೆ ಅದು ನೆನಪಿಲ್ಲ. ಆದರೆ ಆ ರಬ್ಬರ್ ಬ್ಯಾಂಡ್ ಇಷ್ಟು ಸ್ಪಷ್ಟವಾಗಿ ನೆನಪಿದೆಯಲ್ಲ, ಅದನ್ನು ಯಾವಾಗ ನೋಡಿದೆ? ಅವನು ಹೊದಿಕೆಯ ಅಂಚು ಎತ್ತಿ ಕೇಳುತ್ತಿದ್ದಾಗಲೇ ಇರಬೇಕು. ಡೈರಿಯ ಸಾಲನ್ನು ಹೊಡೆದುಹಾಕಲಿಲ್ಲ. ಕೆಳಗೆ ತಂಗಿಯ ಮಾತನ್ನು ಬರೆದೆ.

ಅಷ್ಟು ಅವಸರ ಮಾಡಿದರೂ ಹೊಸ ಕಂಪ್ರೆಸರ್ ಆ ದಿನ ಬಂದಿರಲಿಲ್ಲ. ಮರುದಿನ ಕಾರು ತರಲು ಹೋದಾಗ ಅವನ ಬೆರಳಲ್ಲಿ ನೀರುಗುಳ್ಳೆ ಎದ್ದಿತ್ತು. ಆ ಬೆರಳೊಂದನ್ನು ಮೇಲಕ್ಕೆತ್ತಿ ಹಿಡಿದು, ಇನ್ನೊಂದು ಕಾರಿನ ವಾಲ್ವಿನ ಮುಚ್ಚಳ ತಿರುಗಿಸುತ್ತಿದ್ದ. "ಜಲ್ದಿ ಕರೋ ಭಾಯ್," ಎನ್ನುತ್ತಿದ್ದರು ಆ ಕಾರಿನವರು, ಥೇಟ್ ನನ್ನ ಹಾಗೆ.

ನಾನು ಹೊದಿಕೆ ಎಳೆದೆ. ಚೆಂಡುಹೂ ಪುಡಿಯಾಗಿ ನೆಲಕ್ಕೆ ಉದುರಿತು. "ಮೇಡಂ, ಪೂಜೆದು ಅದು!" ಎಂದು ಮಾಲೀಕರು ಕೂಗಿದರು. ರಬ್ಬರ್ ಬ್ಯಾಂಡ್ ಕಿತ್ತು ಪೈಪನ್ನು ಮೆಕ್ಯಾನಿಕ್ಕಿನ ಕೈಗೆ ಕೊಟ್ಟೆ.

ಇಷ್ಟು ನಡೆದದ್ದು ನಿಜ. ಈ ಸಲವೂ ತಂಗಿಯನ್ನು ಕರೆದುಕೊಂಡೇ ಹೋಗಿದ್ದೆ.