ಅಪ್ಪನ ಮೋರ್ಚಾದಲ್ಲಿದ್ದ ಇನ್ನೊಬ್ಬರು

ಕಳೆದ ಶನಿವಾರ, ತಿರುವನಂತಪುರದ ತಂಪಾನೂರಿನ ಒಂದು ಲಾಡ್ಜಿನ ಕೋಣೆಯಲ್ಲಿ, ಎಪ್ಪತ್ತಾರು ವರ್ಷದ ಹಿರಿಯರೊಬ್ಬರನ್ನು ಕಂಡು ನನಗೆ ವಿಪರೀತ ಹೊಟ್ಟೆಕಿಚ್ಚಾಯಿತು.

ಅವರ ಆಸ್ತಿ ಕಂಡಲ್ಲ. ಆರೋಗ್ಯ ಕಂಡೂ ಅಲ್ಲ (ಎರಡೂ ಮೊಣಕಾಲು ಹೋಗಿವೆ). ಅವರ ಬಳಿ ನನ್ನ ಅಪ್ಪ ಇದ್ದರು. ನನಗೆ ಸಿಗದೇ ಹೋದ ಅಪ್ಪ.

ವಿವರವಾಗಿ ಹೇಳುತ್ತೇನೆ. ಅಪ್ಪ ಕಾಲಾಳು ಪಡೆಯಲ್ಲಿದ್ದವರು. ಧಾರವಾಡದ ಕಡೆಯಿಂದ ಹೋಗಿ ಸೇರಿದ್ದರು, ಎಪ್ಪತ್ತೊಂದರ ಯುದ್ಧ ನೋಡಿದ್ದರು. ನಮಗೆ ಗೊತ್ತಿದ್ದದ್ದು ಇಷ್ಟೇ. ಕೇಳಿದರೆ, "ಏನೈತಿ ಹೇಳಾಕ? ಹೋದ್ವಿ, ಬಂದ್ವಿ" ಅನ್ನುತ್ತಿದ್ದರು. ಅವರು ತೀರಿಕೊಂಡ ಮರುವರ್ಷ ನನಗೆ ಕೊಚ್ಚಿಗೆ ವರ್ಗವಾಯಿತು. ಹನ್ನೆರಡು ವರ್ಷಗಳಿಂದ ಅಲ್ಲಿನ ಕಳಮಶ್ಶೇರಿಯಲ್ಲಿದ್ದೇನೆ. ಕೆಲಸ ಸುದ್ದಿಮನೆಯ ಡೆಸ್ಕಿನಲ್ಲಿ: ಬೇರೆಯವರು ಬರೆದದ್ದನ್ನು ತಿದ್ದುವುದು, ಕತ್ತರಿಸುವುದು.

ಕಳೆದ ತಿಂಗಳು ಆಫೀಸಿಗೆ ಒಂದು ಫೋನ್ ಬಂತು. "ಲಾನ್ಸ್ ನಾಯಕ್ ಶಿವಪ್ಪನ ಮಗ ಅಲ್ಲವೇ? ನಾನು ಸುಬೇದಾರ್ ಮಾಧವನ್, ತಿರುವನಂತಪುರದಿಂದ. ನಮ್ಮ ಬೆಟಾಲಿಯನ್ನಿನ ಇತಿಹಾಸ ಬರೆಯುತ್ತಿದ್ದೇವೆ. ಇಂಗ್ಲಿಷ್ ತಿದ್ದಿಕೊಡು, ಮೋನೇ."

ಮೋನೇ ಎಂದರೆ ಮಗನೇ. ಪರಿಚಯವಾಗಿ ಅರ್ಧ ನಿಮಿಷಕ್ಕೆ ಮಗ!

ಹಸ್ತಪ್ರತಿ ಬಂತು, ಓದಿದೆ. ಯುದ್ಧ ನಡೆದದ್ದು ಹದಿನಾಲ್ಕು ದಿನ, ಅದಕ್ಕೆ ಪುಸ್ತಕದ ಮುಕ್ಕಾಲು ಪಾಲು. ಆಮೇಲಿನ ಐವತ್ತು ಚಿಲ್ಲರೆ ವರ್ಷಕ್ಕೆ ಉಳಿದ ಕಾಲು ಪಾಲು: ನೆರೆ ಬಂದಲ್ಲಿ ಜನರನ್ನು ದೋಣಿ ಹತ್ತಿಸಿದ್ದು, ಹಾಕಿಯಲ್ಲಿ ಕಪ್ ಗೆದ್ದದ್ದು, ನಿವೃತ್ತರು ಪಿಂಚಣಿ ಕಾಗದಕ್ಕೆ ಅಲೆದದ್ದು. (ಇತಿಹಾಸಕ್ಕೂ ಪತ್ರಿಕೆಗಳಿಗೂ ಇರುವ ಕಾಯಿಲೆ ಒಂದೇ.)

ಆರನೆಯ ಅಧ್ಯಾಯದಲ್ಲಿ ಅಪ್ಪ ಸಿಕ್ಕರು.

ಲೈಟ್ ಮೆಷಿನ್‌ಗನ್ನಿಗೆ ಇಬ್ಬರು. ನಂಬರ್ ಒನ್ ಗುಂಡು ಹಾರಿಸುತ್ತಾನೆ, ನಂಬರ್ ಟೂ ಪಕ್ಕದಲ್ಲೇ ಮಲಗಿ ಮ್ಯಾಗಜೀನ್ ಬದಲಿಸುತ್ತಾನೆ. ಮೋರ್ಚಾ ಎನ್ನುವ ತೋಡಿದ ಗುಂಡಿಯಲ್ಲಿ ಇಬ್ಬರೂ ಒಂದೇ ಕಂಬಳಿ, ಒಂದೇ ಊಟದ ಡಬ್ಬಿ ಹಂಚಿಕೊಳ್ಳುತ್ತಾರೆ. ಶಿವಪ್ಪ ನಂಬರ್ ಒನ್, ಮಾಧವನ್ ನಂಬರ್ ಟೂ. ಯುದ್ಧಕ್ಕೆ ಮುಂಚೆ ಎರಡು ತಿಂಗಳು ಗಡಿಯಲ್ಲಿ ಕಾಯುತ್ತಾ ಕೂತಿದ್ದಾಗ ಶಿವಪ್ಪನಿಗೆ ಊರಿಂದ ಕಾಗದ ಬಂತು: ಗಂಡುಮಗು. ಶಿವಪ್ಪ ಊಟದ ಡಬ್ಬಿ ಬಾರಿಸಿಕೊಂಡು ಹಾಡಿದ, ಪ್ಲಟೂನ್ ಕಮಾಂಡರ್ ಬಂದು ಬೈಯುವವರೆಗೂ ಹಾಡಿದ. ಮುಂದೆ ದಿನಕ್ಕೊಂದು ಹೆಸರು ಹೇಳುತ್ತಾ ಹೋದ. ಕೊನೆಗೆ, ‘ನನ್ನ ಬಾಯಿಗೆ ಸಲೀಸಾಗಿ ಬರುವ ಹೆಸರಿಡು’ ಎಂದೆ ಎಂದು ಮಾಧವನ್ ಬರೆದಿದ್ದರು. ರವಿ ಎಂದಾಯಿತು.

ಆ ರವಿ ನಾನು. ನನಗೆ ಹೆಸರಿಟ್ಟದ್ದು ಅಜ್ಜ ಎಂದೇ ಐವತ್ತು ವರ್ಷ ನಂಬಿದ್ದೆ.

ಅಪ್ಪ ಹಾಡಿದರೇ? ನಮ್ಮ ಮನೆಯಲ್ಲಿ ರೇಡಿಯೋ ಜೋರಾದರೂ ಎದ್ದುಹೋಗುತ್ತಿದ್ದ ಮನುಷ್ಯ!

ನಾನು ಕೆಂಪು ಪೆನ್ನು ತೆಗೆದುಕೊಂಡೆ. ಇಡೀ ಪ್ಯಾರಾಕ್ಕೆ ಅಡ್ಡಗೆರೆ ಎಳೆದು ಅಂಚಿನಲ್ಲಿ ಬರೆದೆ: "ಒಬ್ಬರದೇ ಹೇಳಿಕೆ. ದೃಢಪಟ್ಟಿಲ್ಲ. ತೆಗೆಯಿರಿ." ಡೆಸ್ಕಿನಲ್ಲಿ ನಮ್ಮದು ಹಳೆಯ ನಿಯಮ, ಇಬ್ಬರು ಹೇಳದ ಸುದ್ದಿ ಸುದ್ದಿಯಲ್ಲ. ಎಷ್ಟು ಶುದ್ಧವಾದ ಕಾರಣ ನೋಡಿ!

ಶನಿವಾರ ಬೆಳಗಿನ ರೈಲು ಹಿಡಿದು ತಿದ್ದಿದ ಪ್ರತಿ ಕೊಡಲು ಹೋದೆ. ಲಾಡ್ಜಿನ ಕೋಣೆಯೇ ಅವರ ಆಫೀಸು. ಮಂಚದ ತುಂಬ ಫೈಲು, ಕಿಟಕಿಯಲ್ಲಿ ಚಹಾದ ಫ್ಲಾಸ್ಕು, ಪೇಪರಿನಲ್ಲಿ ಸುತ್ತಿದ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ ಅನ್ನಿ).

"ತಿನ್ನು. ಶಿವಪ್ಪ ಕೂತಲ್ಲೇ ಆರು ತಿನ್ನುತ್ತಿದ್ದ."

"ಯುದ್ಧದಲ್ಲಿ ಪಳಂಪೊರಿ ಎಲ್ಲಿಂದ ಬಂತು, ಸಾಬ್?"

"ಯುದ್ಧದಲ್ಲಿ ಅಲ್ಲ ಮೋನೇ, ಇಲ್ಲಿ! ಎರಡು ವರ್ಷಕ್ಕೊಮ್ಮೆ ಬರುತ್ತಿದ್ದನಲ್ಲ. ನನ್ನ ಹೆಂಡತಿ ಮಾಡಿದ ಮತ್ತಿ ಮೀನಿನ ಸಾರನ್ನು ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದ. ನೀನು ಹನ್ನೆರಡು ವರ್ಷದಿಂದ ಇದ್ದೀಯ, ನಿನ್ನ ಮಲಯಾಳಂ ಇಷ್ಟೇನಾ? ಅವನದು ಎಷ್ಟು ಚೆನ್ನಾಗಿತ್ತು!"

ಎರಡು ವರ್ಷಕ್ಕೊಮ್ಮೆ ಅಪ್ಪ ಟ್ರಂಕು ಹಿಡಿದು ಹೊರಡುತ್ತಿದ್ದದ್ದು ನಿಜ. "ಪಿಂಚಣಿ ಕಾಗದದ ಕೆಲಸ ಐತಿ" ಎಂದು ಅವ್ವನಿಗೆ ಹೇಳಿ ಹೋಗುತ್ತಿದ್ದರು. ಮನೆಯಲ್ಲಿ ಅಪ್ಪಟ ಸಸ್ಯಾಹಾರಿ. ಮೀನು ತಿಂದದ್ದಕ್ಕೆ ನನ್ನ ತಕರಾರಿಲ್ಲ. ಆ ನಗು, ಆ ಮಾತು, ಆ ಎರಡೆರಡು ಸಲದ ಸಾರು, ಎಲ್ಲ ಇವರಿಗೇ ಯಾಕೆ?

ಅಷ್ಟರಲ್ಲಿ ಸುಬೇದಾರರ ಬೆರಳು ಆರನೆಯ ಅಧ್ಯಾಯಕ್ಕೆ ಬಂದಿತ್ತು. ಕನ್ನಡಕ ಸರಿಮಾಡಿಕೊಂಡು ಕೆಂಪು ಅಕ್ಷರಗಳನ್ನು ಓದಿದರು. ಎರಡು ಪುಟ ಹಿಂದೆ ತಿರುಗಿಸಿದರು.

"ಅಡುಗೆಯವನ ಮೇಕೆ ಓಡಿಹೋದ ಕಥೆ ಇದೆ. ಅದನ್ನು ಹೇಳಿದವನೂ ಒಬ್ಬನೇ. ಅದನ್ನು ಹಾಗೇ ಉಳಿಸಿದ್ದೀಯ."

ನಾನು ಚಹಾ ಕುಡಿದೆ.

"ಮೋರ್ಚಾದಲ್ಲಿ ಇಬ್ಬರೇ ಇದ್ದೆವು. ನಾನು ಹೇಳಿದ್ದಾಯಿತು. ಇನ್ನೊಬ್ಬ ನಿನ್ನ ಅಚ್ಛನ್. ಮನೆಯಲ್ಲಿ ನಿನಗೆ ಏನೂ ಹೇಳಲಿಲ್ಲವೇ?"

"ಇಲ್ಲ ಸಾಬ್."

"ಒಂದು ಮಾತೂ?"

"ಒಂದು ಮಾತೂ ಇಲ್ಲ."

ಈ ಉತ್ತರ ಕೊಡುವಾಗ ನನ್ನ ದನಿ ಡೆಸ್ಕಿನ ದನಿಯಂತಿರಲಿಲ್ಲ ಎಂದು ಕಾಣುತ್ತದೆ. ಅವರು ಹಸ್ತಪ್ರತಿಯನ್ನು ನನ್ನ ಕಡೆ ತಿರುಗಿಸಿದರು.

"ಸೋಮವಾರ ಪ್ರೆಸ್ಸಿಗೆ ಹೋಗುತ್ತದೆ. ಇದೊಂದೇ ಪುಸ್ತಕ, ಇನ್ನೊಂದು ಬರೆಯುವುದಕ್ಕೆ ನಾವು ಇರುವುದಿಲ್ಲ. ಶಿವಪ್ಪ ಹಾಡಿದ್ದು ಇದರಲ್ಲಿ ಇಲ್ಲವಾದರೆ ಎಲ್ಲೂ ಇಲ್ಲ. ತೆಗೆಯಬೇಕೆಂದರೆ ತೆಗೆದುಬಿಡು. ನೀನು ಮಗ."

ನಾನು ಪೆನ್ನು ತೆಗೆದೆ. ಹೊಡೆದುಹಾಕಿದ್ದನ್ನು ಉಳಿಸಿಕೊಳ್ಳಲು ಡೆಸ್ಕಿನವರು ಸಾಲಿನ ಕೆಳಗೆ ಚುಕ್ಕೆ ಇಡುತ್ತೇವೆ. ಹದಿನೇಳು ಸಾಲಿಗೂ ಚುಕ್ಕೆ ಇಟ್ಟೆ. ಖುಷಿಯಿಂದ ಇಟ್ಟೆ ಎಂದು ಬರೆದರೆ ಸುಳ್ಳು ವರದಿಯಾಗುತ್ತದೆ. ಒಂದೊಂದು ಚುಕ್ಕೆಗೂ ಹೊಟ್ಟೆ ಉರಿಯುತ್ತಿತ್ತು.

ಸುಬೇದಾರರು ಚುಕ್ಕೆ ಇಟ್ಟ ಸಾಲುಗಳನ್ನು ಬೆರಳಿಟ್ಟು ಎಣಿಸಿದರು. ಆಮೇಲೆ, ಯಾರೂ ಕೇಳದೆಯೇ ಹೇಳಿದರು:

"ನೀನು ಹುಟ್ಟಿದ ಕಾಗದ ಬರುವ ಮುಂಚೆ ಶಿವಪ್ಪನಿಗೆ ಭಯ ಅನ್ನುವುದೇ ಇರಲಿಲ್ಲ. ತಲೆ ಎತ್ತಿಕೊಂಡೇ ಓಡಾಡುತ್ತಿದ್ದ. ತಗ್ಗಿಸೋ, ತಗ್ಗಿಸೋ ಅಂತ ಒಂದು ವರ್ಷ ಬಡಕೊಂಡಿದ್ದೇನೆ, ಕೇಳಲಿಲ್ಲ. ಕಾಗದ ಬಂದ ಮರುದಿನದಿಂದ ತಗ್ಗಿಸಿದ. ಯುದ್ಧದ ಹದಿನಾಲ್ಕು ದಿನವೂ ತಗ್ಗಿಸಿಯೇ ಇದ್ದ. ಬದುಕಿಕೊಂಡ."

ಹಸ್ತಪ್ರತಿಯನ್ನು ನಾನು ಎರಡು ಸಲ ಓದಿದ್ದೇನೆ. ಈ ಮಾತು ಅದರಲ್ಲಿರಲಿಲ್ಲ.

"ಇದನ್ನು ಯಾಕೆ ಬರೆಯಲಿಲ್ಲ, ಸಾಬ್?"

ಅವರು ಪಳಂಪೊರಿಯ ಎಣ್ಣೆಯನ್ನು ಪೇಪರಿಗೆ ಒರೆಸಿಕೊಂಡರು.

"ಪಕ್ಕದಲ್ಲಿ ಮಲಗಿದವನು ನಾನು. ಅವನು ಮಾತು ಕೇಳಿದ್ದು, ಇನ್ನೂ ಕಣ್ಣು ಸರಿಯಾಗಿ ಬಿಡದ ನಿನ್ನದು. ಹೇಗೆ ಬರೆಯಲಿ, ಮೋನೇ?"

ಮೆಲ್ಲಗೆ ಪೆನ್ನನ್ನು ಅವರ ಕಡೆ ಸರಿಸಿದೆ. ಹದಿನೆಂಟನೆಯ ಸಾಲನ್ನು ಅವರೇ ಬರೆದರು.

ನಮ್ಮ ಕಪಾಟಿನ ದಪ್ಪ ದಪ್ಪ ಇತಿಹಾಸಗಳಲ್ಲಿ, ಬರೀ ಹೊಟ್ಟೆಕಿಚ್ಚಿಗೆ ಬರೆಯದೇ ಬಿಟ್ಟ ಸಾಲುಗಳು ಇನ್ನೆಷ್ಟಿವೆಯೋ?