ಅರ್ಧ ದಾರಿಯ ಆರತಿ

ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದಳು: ಹಗ್ಗ ಹಾಕಿ ಕಟ್ಟಿದರೆ ದನ ಗೂಟ ಕಿತ್ತುಕೊಂಡು ಹೋಗುತ್ತದೆ, ಅರಿಶಿನ ಕುಂಕುಮ ಹಚ್ಚಿ ಕಟ್ಟಿದರೆ ಎಲ್ಲಿಗೂ ಹೋಗುವುದಿಲ್ಲ. ಹಬ್ಬದ ದಿನ ಕೊಟ್ಟಿಗೆಯಲ್ಲಿ ನಿಂತು ಹೇಳುತ್ತಿದ್ದಳಾದ್ದರಿಂದ ಅದು ದನದ ವಿಷಯವೆಂದೇ ನಾನು ತಿಳಿದಿದ್ದೆ. ಐವತ್ತು ದಾಟಿದ ಮೇಲೆ ಜಯನಗರದ ಒಂದು ಮೈದಾನದ ಗೇಟಿನ ಮುಂದೆ ಬೆವರು ಸುರಿಸುತ್ತ ನಿಂತಾಗ ಅರ್ಥವಾಯಿತು.

ಮದುವೆಯಾಗಿ ಈ ಮನೆಗೆ ಬಂದಾಗ ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಮೂರನೆಯದು ಆಗಲಿಲ್ಲ. ವೀಣೆಯ ಪಾಠ ವರ್ಣದವರೆಗೆ ಬಂದು ನಿಂತಿತು. ಇವರಿಗೆಂದು ಹೆಣೆಯಲು ಹಿಡಿದ ಸ್ವೆಟರಿಗೆ ಇಂದಿಗೂ ಒಂದು ತೋಳಿಲ್ಲ. ಒಂದಕ್ಕೆ ಬಾಣಂತನ ಅಡ್ಡ ಬಂತು, ಇನ್ನೊಂದಕ್ಕೆ ಮಾವನವರ ಕಾಯಿಲೆ. ಆದರೆ ಕಾರಣಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅತ್ತೆ ನೆಂಟರ ಮುಂದೆ ನನ್ನನ್ನು "ನಮ್ಮ ಅರ್ಧಂಬರ್ಧ" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ನಾನೂ ನಗುತ್ತಿದ್ದೆ. ನಕ್ಕು ನಕ್ಕು ಆ ಹೆಸರು ಚರ್ಮಕ್ಕೆ ಅಂಟಿಕೊಂಡಿತು. ಹಾಗಾಗಿ ಮ್ಯಾರಥಾನ್ ಓಡುವ ಹುಚ್ಚು ಹಿಡಿದಾಗ ನಲವತ್ತೆರಡು ಕಿಲೋಮೀಟರಿನ ಪೂರ್ತಿ ಓಟಕ್ಕೇ ಹೆಸರು ಕೊಟ್ಟೆ. ಇಪ್ಪತ್ತೊಂದರದ್ದೂ ಇತ್ತು, ನನ್ನ ವಯಸ್ಸಿನವರೆಲ್ಲ ಅದಕ್ಕೇ ಸೇರಿದ್ದರು. ಆದರೆ ಅದರ ಹೆಸರಿನಲ್ಲೇ 'ಹಾಫ್' ಇತ್ತು.

ಮನೆಯವರೆಲ್ಲ ಮೊದಲು ಹಾಸ್ಯ ಮಾಡಿದರು. ಅದನ್ನು ತಡೆದುಕೊಳ್ಳಬಹುದಿತ್ತು. ಆಮೇಲೆ ಬೆಂಬಲ ಕೊಡತೊಡಗಿದರು. ಬೆಳಗಿನ ಜಾವ ನಾನು ಬನಶಂಕರಿಯ ಏರುರಸ್ತೆಗಳಲ್ಲಿ ಓಡುತ್ತಿದ್ದರೆ ನನ್ನ ಗಂಡ ನೀರಿನ ಬಾಟಲಿ ಇಟ್ಟುಕೊಂಡು ಸ್ಕೂಟರಿನಲ್ಲಿ ಹಿಂದೆಯೇ ಬರುತ್ತಿದ್ದರು. ನಾನು ನಿಧಾನವಾದರೆ ಹಾರ್ನ್ ಹೊಡೆಯುತ್ತಿದ್ದರು.

"ಏನ್ ಸಾರ್, ಇಷ್ಟ್ ಸ್ಲೋ ಆಗಿ ಎಲ್ಲಿಗೆ?" ಎಂದು ಹಾಲಿನ ಬೂತಿನವನು ಒಂದು ದಿನ ಕೇಳಿದ.

"ಮೇಯಿಸ್ಕೊಂಡ್ ಬರ್ತಿದೀನಿ" ಎಂದರು ಇವರು.

ಹೊಸಕೆರೆಹಳ್ಳಿಯಿಂದ ಭಾನುವಾರಕ್ಕೊಮ್ಮೆ ಬರುವ ನಾದಿನಿ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅತ್ತಿಗೆ, ಇಷ್ಟು ಓಡಿದ್ರೂ ಒಂದ್ ಚೂರೂ ಇಳಿದಿಲ್ವಲ್ಲ. ನನ್ನ ಕಣ್ಣೇ ಸರಿ ಇಲ್ವೇನೋ" ಎನ್ನುತ್ತಿದ್ದಳು. ಅತ್ತೆ ಮಾತ್ರ ಕೂತು ಅಂಟಿನುಂಡೆ ಕಟ್ಟಿದರು. "ಬಾಣಂತಿಗೆ ಕೊಡೋದು. ತಿನ್ನು, ಸೊಂಟ ನಿಲ್ಲತ್ತೆ. ಹೇಗೂ ಪೂರ್ತಿ ಓಡಲ್ಲ, ಓಡೋಷ್ಟಾದ್ರೂ ಓಡು."

ನನ್ನ ಜೊತೆ ಅಭ್ಯಾಸ ಮಾಡುತ್ತಿದ್ದವಳು ಒಬ್ಬ ಹುಡುಗಿ. ಹುಬ್ಬಳ್ಳಿ ಕಡೆಯವಳು, ಬಿಟಿಎಂನಲ್ಲಿ ರೂಮು ಮಾಡಿಕೊಂಡು ಯಾವುದೋ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಜೆ.ಪಿ. ನಗರದ ಪಾರ್ಕಿನಲ್ಲಿ ಸಿಕ್ಕಿದವಳು. ಮಾತಿಗೆ ಮುಲಾಜಿಲ್ಲ, ಕಾಲಿಗೆ ದಣಿವಿಲ್ಲ.

ಓಟದ ದಿನ ಬಂತು. ದಾರಿಯ ಏರ್ಪಾಟು ಹೀಗಿತ್ತು: ಜಯನಗರದ ಮೈದಾನದಿಂದ ಹೊರಟು, ಬನಶಂಕರಿ, ಜೆ.ಪಿ. ನಗರ, ಬಿಟಿಎಂ, ತಿಲಕ್ ನಗರ ಸುತ್ತಿ ಮತ್ತೆ ಅಲ್ಲಿಗೇ. ಒಂದು ಸುತ್ತಾದರೆ ಅರ್ಧ, ಎರಡಾದರೆ ಪೂರ್ತಿ. ಮೈದಾನದ ಗೇಟಿನ ಹತ್ತಿರ ದಾರಿ ಕವಲೊಡೆಯುತ್ತಿತ್ತು. ಅರ್ಧದವರು ಎಡಕ್ಕೆ ತಿರುಗಿ ಒಳಗೆ, ಪೂರ್ತಿಯವರು ಬಲಕ್ಕೆ ತಿರುಗಿ ಮತ್ತೆ ರಸ್ತೆಗೆ.

ಮೊದಲ ಸುತ್ತು ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿ ಹೋಯಿತು. ಹುಡುಗಿ ಪಕ್ಕದಲ್ಲೇ ಇದ್ದಳು. ಮೈದಾನ ಕಾಣಿಸಿದಾಗ ಉಸಿರೂ ಹತೋಟಿಯಲ್ಲಿತ್ತು. ಕವಲಿನ ಬಾಯಲ್ಲಿ, ಸರಿಯಾಗಿ ನಡುವೆ, ನಮ್ಮ ಮನೆಯವರೆಲ್ಲ ನಿಂತಿದ್ದರು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ಕೈಯಲ್ಲಿ ಆರತಿ ತಟ್ಟೆ. ಅರಿಶಿನ ಸುಣ್ಣ ಕದಡಿದ ಕೆಂಪು ನೀರು, ಮೇಲೆ ಎರಡು ಬತ್ತಿ. ನಾದಿನಿ ಇನ್ನೊಂದು ಅಂಚು ಹಿಡಿದಿದ್ದಳು. ಇವರು ಫೋನ್ ಎತ್ತಿಕೊಂಡು ಸಿದ್ಧರಾಗಿದ್ದರು.

ಆರತಿ ತಟ್ಟೆ ಎದುರಿಗೆ ಬಂದರೆ ನಮ್ಮಂಥವರ ಕಾಲು ತಾನಾಗಿ ನಿಲ್ಲುತ್ತದೆ. ನಿಂತೆ. ಅವರು ಎತ್ತಿದರು, ಇಳಿಸಿದರು, ನನ್ನ ಹಣೆಗೆ ಕುಂಕುಮ ಇಟ್ಟರು. ಬೆವರಿನ ಜೊತೆ ಅದು ಇಳಿದು ಬಲಗಣ್ಣಿಗೆ ಹೋಯಿತು. ಉರಿಯಿಂದ ಕಣ್ಣು ಮುಚ್ಚಿದೆ. ಅದೇ ಗಳಿಗೆಗೆ ಇವರು ಫೋಟೋ ತೆಗೆದರು.

"ಸರಿ, ನಡಿ ಒಳಕ್ಕೆ" ಎಂದು ಅತ್ತೆ ಮೈದಾನದ ಕಡೆ ಕೈ ತೋರಿಸಿದರು.

"ಅಮ್ಮ, ಇನ್ನೊಂದು ಸುತ್ತಿದೆ" ಎಂದೆ.

"ಆರತಿ ಆಯ್ತಲ್ಲ, ಇನ್ನೇನು ಸುತ್ತು?"

"ಇದು ಅರ್ಧ ಅಷ್ಟೇ ಅಮ್ಮ."

"ಆರತಿ ಎತ್ತಿಸ್ಕೊಂಡೋರು ಮತ್ತೆ ಹೊರಗೆ ಹೊರಡ್ತಾರೇನಮ್ಮ? ಹೊಸ್ತಿಲಿಗೆ ಬಂದೋಳು ಒಳಕ್ಕೆ ಬರ್ಬೇಕು. ತಿರುಗಿ ಹೊರಟ್ರೆ ಕಟ್ಕೊಂಡೋನಿಗೆ ಒಳ್ಳೇದಲ್ಲ. ನಾನ್ ಹೇಳ್ತಿರೋದಲ್ಲ, ಹಿಂದಿನೋರು ಹೇಳಿದ್ದು."

ಕಟ್ಟಿಕೊಂಡವರ ಮುಖ ನೋಡಿದೆ. ಅವರು ಫೋನಿನಲ್ಲಿ ಏನೋ ಒತ್ತುತ್ತಿದ್ದರು. "ಸಾಕು ಬಾರೆ. ಫ್ಯಾಮಿಲಿ ಗ್ರೂಪಲ್ಲಿ ಹಾಕಿಯಾಯ್ತು. ಆಗ್ಲೇ ಎಲ್ಲಾ ಕಂಗ್ರಾಟ್ಸ್ ಅಂತಿದಾರೆ ನೋಡು." ಫೋನು ತಿರುಗಿಸಿ ತೋರಿಸಿದರು. ಕಣ್ಣು ಮುಚ್ಚಿ, ಮುಖ ಕಿವಿಚಿಕೊಂಡ ಹೆಂಗಸಿನ ಫೋಟೋ. ಕೆಳಗೆ, 'ಹಾಫ್ ಮ್ಯಾರಥಾನ್ ಮುಗಿಸಿದ ನನ್ನ ಶ್ರೀಮತಿ.'

ಪಕ್ಕದಲ್ಲಿ ನಿಂತಲ್ಲೇ ಕುಣಿಯುತ್ತಿದ್ದ ಹುಡುಗಿ ಬಾಯಿ ಹಾಕಿದಳು. "ಅಜ್ಜಿಯಾರ, ದೇವರಿಗೆ ದಿನಾ ಆರತಿ ಎತ್ತತಾರ. ದೇವರು ಪಲ್ಲಕ್ಕಿ ಏರಿ ಹೊರಗ ಹೋಗಂಗಿಲ್ಲೇನ್ರಿ?"

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿನ್ನ ಗಂಡ ಎಲ್ಲಿದಾನಮ್ಮ?"

"ಇನ್ನೂ ಲಗ್ನ ಆಗಿಲ್ರಿ."

"ಅದಕ್ಕೇ" ಎಂದರು ಅತ್ತೆ.

ನಾನು ಬಲಕ್ಕೆ ತಿರುಗಿದೆ. ಯೋಚಿಸಿ ತಿರುಗಿದೆ ಎಂದು ಹೇಳಿಕೊಳ್ಳಲಾರೆ. ನಿಂತ ಕಾಲು ಬಿಗಿಯುತ್ತಿತ್ತು, ಇನ್ನೊಂದು ಗಳಿಗೆ ನಿಂತಿದ್ದರೆ ಅದು ಎಲ್ಲಿಗೂ ಬರುತ್ತಿರಲಿಲ್ಲ. ಬೆನ್ನ ಹಿಂದೆ ಅತ್ತೆಯ ದನಿ ಕೇಳಿತು. "ಹೋಗು, ಹೋಗು. ಆರತೀನೂ ಅರ್ಧಕ್ಕೆ ಬಿಟ್ಟು ಹೋಗು." ಅದರ ಹಿಂದೆಯೇ ನಾದಿನಿಯದು. "ಅಮ್ಮ, ಈ ನೀರು ಎಲ್ ಚೆಲ್ಲೋದೀಗ?" ಓಡಿ ಬರುತ್ತಿದ್ದ ಯಾರೋ, "ಮೇಡಂ, ನನ್ ಶೂ, ಶೂ" ಎಂದರು.

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ನಂಬದಿರುವುದಕ್ಕೂ ಮೈಯಲ್ಲಿ ಕಸುವಿರಬೇಕು. ಮಂಡಿ ಚುಳುಕ್ ಎಂದಾಗಲೆಲ್ಲ ಇವರ ಎದೆ ನೆನಪಾಗುತ್ತಿತ್ತು. ಬೆಳಿಗ್ಗೆ ಬಿ.ಪಿ. ಮಾತ್ರೆ ತೆಗೆದುಕೊಂಡರೋ ಇಲ್ಲವೋ. ಜೆ.ಪಿ. ನಗರ ದಾಟುವಷ್ಟರಲ್ಲಿ ಮನಸ್ಸಿನಲ್ಲೇ ಇವರನ್ನು ಆಸ್ಪತ್ರೆಗೆ ಸೇರಿಸಿ, ನೆಂಟರ ಮುಂದೆ ಅತ್ತೆ ಆಡುವ ಮಾತುಗಳನ್ನೂ ಕೇಳಿಸಿಕೊಂಡಾಗಿತ್ತು. ಬಿಸಿಲು ಏರಿತು. ಬಿಟಿಎಂ ಹತ್ತಿರ ಹುಡುಗಿ ಎರಡು ಸಲ ಗಡಿಯಾರ ನೋಡಿಕೊಂಡಳು.

"ಅಕ್ಕಾರ, ನಿಮ್ಮ ಕೂಡ ಓಡಿದ್ರ ನನ್ನ ಟೈಮ್ ಹಾಳಾಗ್ತದ್ರಿ. ಸಿಟ್ಟು ಮಾಡ್ಕೋಬ್ಯಾಡ್ರಿ."

ಹೊರಟುಹೋದಳು. ತಿರುಗಿ ನೋಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಇಷ್ಟು ದೂರವೂ ಜೊತೆ ಬರುತ್ತಿರಲಿಲ್ಲವೇನೋ.

ಅವಳು ಹೋದ ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ರಸ್ತೆಯನ್ನು ವಾಹನಗಳಿಗೆ ಬಿಡುವ ಮೊದಲು, ಹಿಂದೆ ಉಳಿದವರನ್ನು ಹತ್ತಿಸಿಕೊಂಡು ಹೋಗುವ ಬಸ್ಸು. ಅದನ್ನು ಹತ್ತಿದರೆ ಓಟ ಮುಗಿದಂತೆಯೇ. ನನ್ನ ಬೆನ್ನಿಗೆ ಬಿಸಿಗಾಳಿ ಬಿಡುತ್ತ ನಡಿಗೆಯ ವೇಗದಲ್ಲಿ ಬರುತ್ತಿತ್ತು. ಬಾಗಿಲಲ್ಲಿ ನಿಂತ ಹೆಂಗಸು ಬಹಳ ಪ್ರೀತಿಯಿಂದ ಕರೆದಳು. "ಬನ್ನಿ ಆಂಟಿ. ಸೀಟ್ ಖಾಲಿ ಇದೆ, ಏಸಿ ಇದೆ. ಯಾಕ್ ಸುಮ್ನೆ?" ಕಿಟಕಿಗಳಲ್ಲಿ ಹತ್ತಿದವರ ಮುಖಗಳಿದ್ದವು. ಅವರು ಕರೆಯುತ್ತಿರಲಿಲ್ಲ, ಕಾಯುತ್ತಿದ್ದರು.

ನೀರು ಕೊಡುವ ಕಡೆ ನಿಂತು ಅಲ್ಲಿದ್ದವರೊಬ್ಬರ ಫೋನು ಕೇಳಿ ಇವರ ನಂಬರ್ ಒತ್ತಿದೆ. ಬದುಕಿದ್ದಾರೆಂದು ಗೊತ್ತಾದರೆ ಓಡುತ್ತೇನೆ, ಇಲ್ಲವಾದರೆ ಬಸ್ಸು ಹತ್ತುತ್ತೇನೆ. ತಲೆ ಅಷ್ಟಕ್ಕೇ ಬಂದು ನಿಂತಿತ್ತು. ಬಹಳ ಹೊತ್ತು ರಿಂಗಾಯಿತು. ಎತ್ತಿದಾಗ ತಟ್ಟೆ ಲೋಟಗಳ ಸದ್ದು, ಅದರ ನಡುವೆ ಇವರ ದನಿ, ನನಗಲ್ಲ, ಬೇರೆ ಯಾರಿಗೋ. "ಎರಡು ಖಾಲಿ, ಸಾಗು ಜಾಸ್ತಿ ಹಾಕಿಸಪ್ಪ. ಅಮ್ಮಂಗೆ ಒಂದು ರವಾ ಇಡ್ಲಿ." ಆಮೇಲೆ, "ಹಲೋ, ಯಾರು?"

ಫೋನು ಹಿಂದಿರುಗಿಸಿದೆ. ಆರೋಗ್ಯವಾಗಿದ್ದರು. ಖಾಲಿ ದೋಸೆ ತಿನ್ನುತ್ತಿದ್ದರು. ಮುತ್ತೈದೆಯಾಗಿ ಅಂಥ ಸಿಟ್ಟು ನನಗೆ ಅದುವರೆಗೆ ಬಂದಿರಲಿಲ್ಲ. ಆ ಸಿಟ್ಟು ತಿಲಕ್ ನಗರದವರೆಗೆ ಕರೆದುಕೊಂಡು ಹೋಯಿತು. ಅಲ್ಲಿಂದಾಚೆಗೆ ಯಾವುದು ಕರೆದೊಯ್ದಿತೋ ತಿಳಿಯದು. ಒಂದು ಉಗುರು ಎದ್ದಿತ್ತು, ತೊಡೆಸಂದು ಸುಲಿದಿತ್ತು, ಬಸ್ಸು ಬೆನ್ನಿಗೇ ಇತ್ತು. ಗೇಟು ಮುಚ್ಚಲು ಹಗ್ಗ ಹಿಡಿದು ನಿಂತವರು ನನಗೋಸ್ಕರ ಒಂದು ಕ್ಷಣ ತಡೆದರು. ಒಳಗೆ ಹೋದೆ. ಕೊರಳಿಗೆ ಪದಕ ಹಾಕಿದ ಸ್ವಯಂಸೇವಕಿ, "ಫ್ಯಾಮಿಲಿ ಎಲ್ಲಿ ಆಂಟಿ, ಫೋಟೋ ತೆಗೀಬೇಕಿತ್ತು" ಎಂದಳು. ತಿಂಡಿಗೆ ಹೋಗಿದ್ದಾರೆ ಎಂದೆ.

ಆಟೊ ಹತ್ತಿ ಮನೆಗೆ ಬಂದೆ. ಅತ್ತೆ ಕಿಟಕಿಯಿಂದ ನೋಡಿ, ಒಂದೇ ಪಯಣಕ್ಕೆ ಎರಡು ಸಲ ಆರತಿ ಎತ್ತುವ ಹಾಗಿಲ್ಲವೆಂದು ಹೇಳಿ, ಸೊಪ್ಪು ಬಿಡಿಸಲು ಕೂತರು. ಇವರು ಬಿಸಿನೀರಿಗೆ ಕಲ್ಲುಪ್ಪು ಹಾಕಿದ ಬಕೆಟ್ಟು ತಂದರು. ನೆಲದ ಮೇಲೆ ಕೂತು ನನ್ನ ಕಾಲನ್ನು ತಾವೇ ಎತ್ತಿ ಅದರೊಳಗಿಟ್ಟರು. ಎದ್ದ ಉಗುರಿಗೆ ಬೆರಳು ತಾಗದ ಹಾಗೆ ನಾಜೂಕಾಗಿ ಒತ್ತಿದರು. ಹಾಗೆ ಒತ್ತುವುದು ಅವರಿಗೆ ಬರುತ್ತದೆ, ಸುಳ್ಳು ಹೇಳಬಾರದು.

ಸೋಫಾದಲ್ಲಿದ್ದ ನಾದಿನಿ ಅದನ್ನು ನೋಡಿ ಕರಗಿದಳು. "ಅಣ್ಣಂಗೆ ನಿಮ್ಮ ಮೇಲೆ ಎಷ್ಟು ಕಾಳಜಿ ನೋಡಿ ಅತ್ತಿಗೆ. ನೀವು ಮಾತು ಕೇಳಲ್ಲ ಅಂತ ಅವ್ನಿಗೆ ಗೊತ್ತಿತ್ತು. ಅದಕ್ಕೇ ಅಮ್ಮಂಗೆ ಹೇಳಿದ್ದ, ಒಂದು ಸುತ್ತಿಗೇ ಆರತಿ ಎತ್ತಿಬಿಡಮ್ಮ, ಆಮೇಲೆ ಎಲ್ಲಿ ಹೋಗ್ತಾಳೆ ಅಂತ."

ನೀರಿನೊಳಗೆ ಅವರ ಕೈ ನಿಂತಿತು.

"ನಿನ್ನ ಒಳ್ಳೇದಕ್ಕೇ ಕಣೇ. ಏನಾದ್ರೂ ಆಗಿದ್ರೆ?"

"ಏನಾಯ್ತು?"

"ಆಗ್ಲಿಲ್ಲ. ಆಗಿದ್ರೆ?"

ಪದಕ ತೆಗೆದು ಅವರ ಕೈಗೆ ಕೊಟ್ಟೆ. ನಲವತ್ತೆರಡು ಎಂದು ಕೆತ್ತಿದ್ದನ್ನು ಓದಿ, ಹಿಂದೆ ಮುಂದೆ ತಿರುಗಿಸಿದರು. ಗ್ರೂಪಿನಲ್ಲಿ ತಿದ್ದಿ ಹಾಕಿ ಎಂದೆ. "ಈಗ ಹಾಕಿದ್ರೆ ಬೆಳಿಗ್ಗೆ ಹಾಕಿದ್ದು ಸುಳ್ಳು ಅಂತಾರೆ. ಆಗ್ಲೇ ಅಷ್ಟು ಜನ ವಿಶ್ ಮಾಡಿಯಾಯ್ತು. ಬಿಡು" ಎಂದು ಪದಕವನ್ನು ಟಿಪಾಯಿಯ ಮೇಲಿಟ್ಟು, ಇನ್ನೊಂದು ಕಾಲು ಹಿಡಿದುಕೊಂಡರು.

ಕೆಲವು ತಿಂಗಳ ನಂತರ ಒಂದು ಮದುವೆಗೆ ಹೋಗಿದ್ದೆವು. ಊಟದ ಸಾಲಿನಲ್ಲಿ ನನ್ನ ಎಡಕ್ಕೆ ಇವರು, ಬಲಕ್ಕೆ ಇವರ ಸೋದರತ್ತೆಯ ಮಗಳು. ಆಕೆ ಎಲೆಗೆ ನೀರು ಚಿಮುಕಿಸುತ್ತ, "ಹಾಫ್ ಮ್ಯಾರಥಾನ್ ಓಡಿದ್ರಂತಲ್ಲ. ಮುಂದಿನ್ ಸಲ ಪೂರ್ತೀದು ಟ್ರೈ ಮಾಡಿ" ಎಂದರು.

"ಪೂರ್ತೀದೇ ಓಡಿದ್ದು ನಾನು."

ಆಕೆ ನನ್ನನ್ನು ದಾಟಿ ಇವರ ಮುಖ ನೋಡಿದರು. ಇವರ ಬಾಯಲ್ಲಿ ಕೋಸಂಬರಿ ಇತ್ತು. ಅಗಿದರು, ನುಂಗಿದರು, ಬೆರಳು ಒರೆಸಿಕೊಂಡರು.

"ಹ್ಞೂಂ" ಎಂದರು. "ಹೆಚ್ಚೂ ಕಮ್ಮಿ."